ಗ್ರೀನ್ ಟೀ ಫ್ಲಾಸ್ಕು ಮತ್ತು ನನ್ನ ಸೋಮವಾರದ ಬಸ್ಸು

ನನಗೆ ಯಾವ ದೊಡ್ಡ ರೋಗವೂ ಬಂದಿರಲಿಲ್ಲ. ತೆಳ್ಳಗಾಗುವ ಆಸೆಗೆ ಗ್ರೀನ್ ಟೀ ಕುಡಿದೆ, ಫ್ಲಾಸ್ಕುಗಟ್ಟಲೆ ಕುಡಿದೆ, ಕುಡಿಯಬಾರದ ಹೊತ್ತಿನಲ್ಲಿ ಕುಡಿದೆ, ಮೈಯಲ್ಲಿದ್ದ ರಕ್ತ ಇಳಿಸಿಕೊಂಡೆ. ನಡೆದದ್ದು ಇಷ್ಟೇ. ತಪ್ಪು ಟೀಯದ್ದಲ್ಲ, ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಜ್ಜಿ ಉಳಿದಳೋ ಹೋದಳೋ ಅಂತ ಓದುವವರು ಕೊನೆಯ ತನಕ ಹೆದರಿಕೊಂಡು ಕೂರುವುದು ಬೇಡ. ಉಳಿದಿದ್ದೇನೆ. ಇವತ್ತು ಬೆಳಗ್ಗೆಯೂ ಹತ್ತು ರೊಟ್ಟಿ ಬಡಿದಿದ್ದೇನೆ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಒತ್ತಕ್ಷರ ತಪ್ಪಿದ ಕಡೆ ಮೊಮ್ಮಗಳು ಸಿಂಚನ ತಿದ್ದಿದ್ದಾಳೆ. ಮಾತು ತಿದ್ದಬೇಡ ಅಂತ ಅವಳಿಗೆ ಹೇಳಿದ್ದೇನೆ.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಮಗ ಮಂಜುನಾಥ, ಸೊಸೆ ಶೋಭಾ, ಸಿಂಚನ, ನಾನು, ನಾಲ್ಕೇ ಜನ. ನನ್ನ ಯಜಮಾನರು ಹೋಗಿ ಒಂಬತ್ತು ವರ್ಷವಾಯಿತು. ವಾರದ ಆರು ದಿನ ನಾನು ಈ ಮನೆಯವಳು. ಸೋಮವಾರ ಮಾತ್ರ ನನ್ನದು. ಸೋಮವಾರ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಒಬ್ಬಳೇ ಹರಿಹರದ ಬಸ್ಸು ಹತ್ತುತ್ತೇನೆ. ದೇವಸ್ಥಾನಕ್ಕೆ ಹೋಗಿ ಕೈಮುಗಿದು, ಅಲ್ಲಿಂದ ತಂಗಿ ಗಿರಿಜೆಯ ಮನೆಗೆ. ಅವಳಿರುವುದು ಮಹಡಿಯ ಮೇಲೆ, ಹನ್ನೊಂದು ಮೆಟ್ಟಿಲು. ಮಧ್ಯಾಹ್ನವೆಲ್ಲ ಇಬ್ಬರೂ ಚೌಕಾಬಾರ ಆಡುತ್ತೇವೆ. ಅವಳು ಕವಡೆ ಹಾಕುವಾಗ ಮೋಸ ಮಾಡುತ್ತಾಳೆ, ನಾನು ಕಾಯಿ ನಡೆಸುವಾಗ ಮೋಸ ಮಾಡುತ್ತೇನೆ. ಸಂಜೆ ವಾಪಸ್ಸು ಬಂದು, ದೀಪ ಹಚ್ಚಿದ ಮೇಲೇ ನನ್ನ ಊಟ. ಸೋಮವಾರದ ಒಪ್ಪತ್ತು ನಾನು ಲಗ್ನವಾಗಿ ಬಂದಾಗಿನಿಂದ ಹಿಡಿದದ್ದು. ನಲವತ್ತು ವರ್ಷದ ಮೇಲಾಯಿತು. ಹೆರಿಗೆಯ ಬಾಣಂತನ ಬಿಟ್ಟರೆ ಒಂದು ಸಲವೂ ಬಿಟ್ಟಿರಲಿಲ್ಲ.

ಹೋದ ವರ್ಷ ಕಣ್ಣಿನ ಪೊರೆ ತೆಗೆಸುವಾಗ ರಕ್ತ ಪರೀಕ್ಷೆ ಮಾಡಿ, "ರಕ್ತ ಸ್ವಲ್ಪ ಕಮ್ಮಿ ಐತೆ" ಅಂತ ಕೆಂಪು ಮಾತ್ರೆ ಕೊಟ್ಟಿದ್ದರು. ಊಟವಾದ ಮೇಲೆ ಒಂದು. ತಪ್ಪದೆ ನುಂಗುತ್ತಿದ್ದೆ. ಆಮೇಲೆ ಮೊಣಕಾಲು ಹಿಡಿಯಿತು. ಮೊಣಕಾಲಿನ ಡಾಕ್ಟರು ನನ್ನನ್ನು ತೂಕದ ಮಷಿನ್ ಮೇಲೆ ನಿಲ್ಲಿಸಿ, ಮುಳ್ಳು ನೋಡಿ, ನನ್ನ ಮುಖ ನೋಡಿ, "ಹತ್ತು ಕೆಜಿ ಇಳಿಸ್ರಿ" ಅಂದರು. ಮನೆಗೆ ಬಂದು ಹೇಳಿದರೆ ಮಗ ನಕ್ಕ. "ಅವ್ವ, ಸಂಜೀಕೆ ಮಂಡಕ್ಕಿ ಮೆಣಸಿನಕಾಯಿ ಬಿಟ್ರೆ ಐದು ಕೆಜಿ ಅಲ್ಲೇ ಹೋಗ್ತಾವೆ."

ಸಿಂಚನ ಬಿ.ಕಾಂ. ಓದುತ್ತಾಳೆ. ಯುಗಾದಿ ಕಳೆದ ಮೇಲೆ ಒಂದು ದಿನ ಹಸಿರು ಡಬ್ಬಿ ತಂದು ನನ್ನ ಮುಂದಿಟ್ಟಳು.

"ಅಜ್ಜಿ, ಗ್ರೀನ್ ಟೀ. ಕೊಬ್ಬು ಕರಗತೈತೆ. ನಮ್ಮ ಕಾಲೇಜಿನಾಗೆ ಎಲ್ಲಾರೂ ಕುಡೀತಾರೆ."

"ಹಾಲು?"

"ಹಾಕಂಗಿಲ್ಲ."

"ಸಕ್ಕರೆ?"

"ಅದೂ ಇಲ್ಲ."

"ಮತ್ತೆ ಇದಕ್ಕೆ ಚಾ ಅಂತ ಯಾಕ ಅಂತಾರೆ?" ಅಂದೆ. ಆದರೂ ಡಬ್ಬಿ ಎತ್ತಿಟ್ಟುಕೊಂಡೆ.

ಬಿಸಿನೀರಿನಲ್ಲಿ ಪೊಟ್ಟಣ ಎರಡು ನಿಮಿಷ ಅದ್ದಿ ತೆಗೆಯಬೇಕು ಅಂತ ಅವಳು ತೋರಿಸಿಕೊಟ್ಟಳು. ಹಾಗೆ ಮಾಡಿದರೆ ಅದಕ್ಕೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ, ಪಾತ್ರೆ ತೊಳೆದ ನೀರಿನ ಹಾಗಿತ್ತು. ನಾನು ಕಂಡ ಹಾಗೆ ಚಹಾ ಅಂದರೆ ಕುದಿಯಬೇಕು. ಆರು ಪೊಟ್ಟಣ ಪಾತ್ರೆಗೆ ಹಾಕಿ, ಮೂರು ಸಲ ಉಕ್ಕಿಸಿ, ಕಂದು ಬಣ್ಣ ಬಂದ ಮೇಲೆ ಯಜಮಾನರ ಹಳೇ ಸ್ಟೀಲ್ ಫ್ಲಾಸ್ಕಿಗೆ ತುಂಬಿದೆ. ಬೇವಿನ ಕಷಾಯದ ಹಾಗೆ ಕಹಿ. ಇಷ್ಟು ಕಹಿ ಇದ್ದ ಮೇಲೆ ಕೆಲಸ ಮಾಡೇ ಮಾಡುತ್ತದೆ ಅಂತ ನಂಬಿಕೆ ಬಂತು.

ಗಿರಿಜೆಗೂ ಒಂದು ಡಬ್ಬಿ ಒಯ್ದು ಕೊಟ್ಟೆ. ಅವಳೂ ನನ್ನ ತೂಕದವಳೇ. ಇಬ್ಬರೂ ಆಣೆ ಹಾಕಿಕೊಂಡೆವು, ದೀಪಾವಳಿಯೊಳಗೆ ಹಳೇ ಇಳಕಲ್ ಸೀರೆಯ ಕುಪ್ಪಸ ಮೈಗೆ ಹತ್ತಬೇಕು ಅಂತ.

ಮೊದಲ ಹದಿನೈದು ದಿನ ನಾನು ಕುದುರೆ. ನಿದ್ದೆ ಬರುತ್ತಿರಲಿಲ್ಲ, ಅದನ್ನೇ ಶಕ್ತಿ ಅಂದುಕೊಂಡೆ. ಅಟ್ಟ ಇಳಿಸಿ ತೊಳೆದೆ. ಯಾರೂ ಕೇಳದಿದ್ದರೂ ಹಿತ್ತಾಳೆ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ಬೆಳಗಿದೆ. ಎರಡು ಕೆಜಿ ಇಳಿಯಿತು. ಟೀಯಿಂದ ಇಳಿಯಿತೋ, ಮಧ್ಯಾಹ್ನದ ಊಟ ಅರ್ಧ ಮಾಡಿದ್ದರಿಂದ ಇಳಿಯಿತೋ ವಿಚಾರಿಸಲಿಲ್ಲ. ಟೀಗೇ ಶಹಬ್ಬಾಸ್ ಕೊಟ್ಟೆ. ಊಟದ ಜೊತೆ ಮಜ್ಜಿಗೆಯ ಬದಲು ಅದೇ, ಊಟದ ಮೇಲೆ ಅದೇ, ಬಾಯಾರಿದರೂ ಅದೇ. ಕೆಂಪು ಮಾತ್ರೆ ನುಂಗುವುದಕ್ಕೂ ಅದೇ. ತಣ್ಣೀರಿನಲ್ಲಿ ಗುಳಿಗೆ ನುಂಗಿದರೆ ಗಂಟಲಲ್ಲೇ ಕೂರುತ್ತದೆ, ಬಿಸಿ ಚಹಾದಲ್ಲಿ ನುಂಗಿದರೆ ಜಾರುತ್ತದೆ ಅನ್ನುವುದು ನಮ್ಮ ತವರಿನ ಪದ್ಧತಿ. ನಮ್ಮವ್ವ ಜ್ವರದ ಗುಳಿಗೆಯನ್ನೂ ಹಾಗೇ ನುಂಗಿಸುತ್ತಿದ್ದಳು. ಈ ಪದ್ಧತಿ ತಪ್ಪು ಇರಬಹುದು ಅಂತ ನನಗೆ ಹೊಳೆಯುವುದಾದರೂ ಹೇಗೆ?

ಜ್ಯೇಷ್ಠ ಕಳೆಯುವ ಹೊತ್ತಿಗೆ ಕುದುರೆ ಕತ್ತೆಯಾಯಿತು. ರೊಟ್ಟಿ ಬಡಿಯುವಾಗ ಮೂರನೆಯದಕ್ಕೇ ತೋಳು ಸೋಲುತ್ತಿತ್ತು. ಗಿರಿಜೆಯ ಮನೆಯ ಐದನೇ ಮೆಟ್ಟಿಲಿಗೆ ನಿಂತು, ಸೆರಗು ಸರಿಮಾಡುವವಳ ಹಾಗೆ ನಾಟಕ ಮಾಡಿ ಉಸಿರು ತೆಗೆದುಕೊಳ್ಳುತ್ತಿದ್ದೆ. ಮೇಲೆ ಗಿರಿಜೆ ನೋಡಿದರೆ ಬುಗುರಿ. ಒಳಗೆ ಹೊರಗೆ ಓಡಾಡುತ್ತಾಳೆ, ಹಾಡು ಗುನುಗುತ್ತಾಳೆ.

"ನೀನು ಗ್ರೀನ್ ಟೀ ಕುಡಿಯಾಕತ್ತಿದಿಯೇನೇ?" ಅಂತ ಕೇಳಿದೆ.

"ದಿನಾ ಅಕ್ಕ. ತಪ್ಪಿಸೇ ಇಲ್ಲ," ಅಂದಳು.

ಅವಳಿಗೆ ಹತ್ತಿದ್ದು ನನಗೆ ಹತ್ತುತ್ತಿಲ್ಲ ಅಂದರೆ ನಾನು ಕುಡಿಯುವುದು ಸಾಲದು ಅಂತ ಲೆಕ್ಕ ಹಾಕಿ, ಆರು ಪೊಟ್ಟಣವನ್ನು ಎಂಟು ಮಾಡಿದೆ.

ಇನ್ನೊಂದು ವಿಷಯ ನಾಚಿಕೆಯದು, ಆದರೂ ಬರೆಯುತ್ತೇನೆ. ಆಗ ನನಗೆ ವಿಚಿತ್ರ ಚಪಲ ಶುರುವಾಯಿತು. ಅಕ್ಕಿ ಡಬ್ಬಿ ಕಂಡರೆ ಒಂದು ಹಿಡಿ ಬಾಯಿಗೆ. ದೇವರ ಕೋಣೆಗೆ ಹೋದರೆ ವಿಭೂತಿ ಗಟ್ಟಿಯ ವಾಸನೆಗೆ ಬಾಯಲ್ಲಿ ನೀರು. ಮೂಲೆ ಮುರಿದು ತಿನ್ನುತ್ತಿದ್ದೆ. ಹಣೆಗೆ ಹಚ್ಚುವುದನ್ನು ಹೊಟ್ಟೆಗೆ ಹಾಕುತ್ತಿದ್ದೇನಲ್ಲ ಅಂತ ಶಿವನ ಕಡೆ ಬೆನ್ನು ಹಾಕಿ ತಿನ್ನುತ್ತಿದ್ದೆ. ಶೋಭಾ ಒಂದು ದಿನ ಸವೆದ ಗಟ್ಟಿ ಹಿಡಿದು ಬಂದಳು.

"ಅತ್ತಿ, ದೇವರ ಕ್ವಾಣಿಗೆ ಇಲಿ ಬಂದಾವೆ ನೋಡ್ರಿ. ವಿಭೂತಿನೂ ಬಿಟ್ಟಿಲ್ಲ."

"ಬೋನು ಇಡು," ಅಂದೆ. ಅವಳು ಇಟ್ಟಳು. ಒಂದು ತಿಂಗಳು ಬೋನಿನಲ್ಲಿ ಕೊಬ್ಬರಿ ಚೂರು ಒಣಗಿತು.

ಶ್ರಾವಣದ ಎರಡನೇ ಸೋಮವಾರ. ಹೊಟ್ಟೆಯಲ್ಲಿ ಗ್ರೀನ್ ಟೀ ಬಿಟ್ಟರೆ ಬೇರೆ ಇಲ್ಲ. ದೇವಸ್ಥಾನದಲ್ಲಿ ಜನ ಕಿಕ್ಕಿರಿದಿದ್ದರು. ಹೇಗೋ ಕೈಮುಗಿದು ಗಿರಿಜೆಯ ಮನೆಯ ಬೀದಿಗೆ ಬಂದೆ. ಮೊದಲನೇ ಮೆಟ್ಟಿಲಿಗೆ ಕಾಲಿಟ್ಟದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ಕೆಳಮನೆಯ ಹೂವಿನಂಗಡಿಯವನ ಹೆಂಡತಿಯ ತೊಡೆಯ ಮೇಲೆ ನನ್ನ ತಲೆ ಇತ್ತು. ಅವಳು ಹೂವಿಗೆ ಚಿಮುಕಿಸುವ ನೀರನ್ನೇ ನನ್ನ ಮುಖಕ್ಕೆ ಚಿಮುಕಿಸಿದ್ದಳು. ಮೈಯೆಲ್ಲ ಮಲ್ಲಿಗೆ ವಾಸನೆ. ಸತ್ತೇ ಹೋದೆ, ಹೂವು ಹಾಕಿದ್ದಾರೆ ಅಂದುಕೊಂಡೆ.

ಆಟೋದಲ್ಲಿ ಹಾಕಿಕೊಂಡು ಹತ್ತಿರದ ದವಾಖಾನೆಗೆ ಒಯ್ದರು. ರಕ್ತ ತೆಗೆದರು. ರಕ್ತದ ಅಂಶ ಏಳಕ್ಕೆ ಇಳಿದಿತ್ತು. ಹನ್ನೆರಡಿರಬೇಕಂತೆ. ಅಲ್ಲಿನ ಡಾಕ್ಟರು ಫೋನಿನಲ್ಲಿ ಮಂಜನಿಗೆ, "ಮಾತ್ರೆ ತಗೊಂಡೂ ಇಷ್ಟು ಇಳಿದೈತೆ ಅಂದ್ರೆ ಒಳಗೆಲ್ಲೋ ರಕ್ತ ಹೋಗ್ತಾ ಐತೋ ಏನೋ, ದೊಡ್ಡಾಸ್ಪತ್ರೆಗೆ ತೋರಿಸ್ರಿ" ಅಂದರು. ನನಗೆ ಕೇಳಿಸುವ ಹಾಗೇ ಅಂದರು.

ಮಂಜ ಬೈಕಿನಲ್ಲಿ ಹಾರಿ ಬಂದ. ನನ್ನ ಕೈ ಹಿಡಿದು ಏನಾದರೂ ಒಳ್ಳೆಯ ಮಾತು ಹೇಳುತ್ತಾನೆ ಅಂದುಕೊಂಡೆ. ಅವನು ಹೇಳಿದ್ದು ಒಂದೇ.

"ಅವ್ವ, ಇನ್ಮ್ಯಾಲೆ ಒಬ್ಬಾಕೆ ಬಸ್ ಹತ್ತಂಗಿಲ್ಲ. ಮುಗೀತು."

ಏಳು ಅಂದಾಗಲೂ ನನಗೆ ಹೆದರಿಕೆ ಆಗಿರಲಿಲ್ಲ. ಆಗ ಆಯಿತು.

ಎಂ.ಸಿ.ಸಿ. ಬಡಾವಣೆಯಲ್ಲಿ ಒಬ್ಬ ಲೇಡಿ ಡಾಕ್ಟರನ್ನು ಕಂಡೆವು. ಹೊಟ್ಟೆಯೊಳಗೆ ಪೈಪು ಬಿಟ್ಟು ಕ್ಯಾಮೆರಾದಲ್ಲಿ ನೋಡಬೇಕು ಅಂದರು. ತಾರೀಕು ಸಿಕ್ಕಿದ್ದು ಎಂಟು ದಿನ ಬಿಟ್ಟು. ಆ ಎಂಟು ದಿನ ನಮ್ಮ ಮನೆಯಲ್ಲಿ ಯಾರೂ ಜಗಳ ಆಡಲಿಲ್ಲ. ಅದೇ ನನಗೆ ದೊಡ್ಡ ಹಿಂಸೆಯಾಯಿತು. ಶೋಭಾ ನನ್ನ ಸಾರಿಗೆ ಹುಳಿ ಹೆಚ್ಚು ಅನ್ನಲಿಲ್ಲ. ಮಂಜ ಟಿವಿ ರಿಮೋಟು ತಾನಾಗಿ ನನ್ನ ಕೈಗೆ ಕೊಟ್ಟ. ಜಾತ್ರೆಯ ಬೆಂಡು ಬತ್ತಾಸು ತರುವ ಹಾಗೆ ದಿನಾ ಸಂಜೆ ದಾಳಿಂಬೆ ತರುತ್ತಿದ್ದ. ಯಾರೂ ಆ ರೋಗದ ಹೆಸರು ಹೇಳುತ್ತಿರಲಿಲ್ಲ. ನಾನೂ ಹೇಳಲಿಲ್ಲ. ಆದರೆ ಇಳಕಲ್ ಸೀರೆ ಯಾರಿಗೆ, ಬೋರಮಾಳ ಸರ ಯಾರಿಗೆ ಅಂತ ಮನಸ್ಸಿನಲ್ಲಿ ಹಂಚಿ ಮುಗಿಸಿದೆ. ಸರ ಗಿರಿಜೆಗೆ ಅಂತ ಇಟ್ಟೆ. ಚೌಕಾಬಾರದ ಮೋಸ ನೆನಪಾಗಿ ಸಿಂಚನಳಿಗೆ ಬದಲಾಯಿಸಿದೆ.

ನಡುವೆ ಒಂದು ಸೋಮವಾರ ಬಂತು. ಬೆಳಗ್ಗೆ ಸ್ನಾನ ಮಾಡಿ ಅಂಗಳದ ಕಟ್ಟೆಯ ಮೇಲೆ ಕೂತೆ. ಹೋಗುವುದಕ್ಕೆ ಜಾಗವೇ ಇರಲಿಲ್ಲ. ಎದುರುಮನೆಯವಳು, "ಯಾಕಮ್ಮ, ಇವತ್ತು ಹರಿಹರಕ್ಕೆ ಹೋಗ್ಲಿಲ್ವಾ?" ಅಂದಳು. ಬಸ್ಸು ಕೆಟ್ಟಿದೆ ಅಂದೆ. ಊರಿನ ಬಸ್ಸುಗಳೆಲ್ಲ ಒಂದೇ ದಿನ ಕೆಟ್ಟಂತೆ ಅವಳೂ ಹೂಂಗುಟ್ಟಿದಳು.

ಪೈಪು ಬಿಡುವ ದಿನ ಹಿಂದಿನ ರಾತ್ರಿಯಿಂದ ಬರೀ ಹೊಟ್ಟೆ. ಉಪವಾಸ ಮಾಡಿ ರೂಢಿಯಾದವಳಿಗೆ ಅದೇನು ಮಹಾ. ಮಂಜ, ಶೋಭಾ, ನಾನು ಕೂತ ಕಾಯುವ ಕೋಣೆಯಲ್ಲಿ ಒಂದಕ್ಕೊಂದು ಬೆಸೆದ ಕುರ್ಚಿಗಳು. ಒಬ್ಬರು ಎದ್ದರೆ ಉಳಿದ ಮೂವರೂ ಅಲುಗಾಡುತ್ತಾರೆ. ಗೋಡೆಯ ಟಿವಿಯಲ್ಲಿ ದನಿ ಇಲ್ಲದ ಧಾರಾವಾಹಿ. ಅತ್ತೆ ಸೊಸೆಗೆ ಬೈಯುತ್ತಿದ್ದಳು, ಏನು ಬೈದಳು ಅಂತ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿದ್ದ ಮುದುಕ ಒಬ್ಬರು, "ನಂದು ಮೂರನೇ ಸಲ. ಗಂಟಲಿಗೆ ಔಷಧ ಹೊಡೀತಾರೆ, ಬಾಳೆಹಣ್ಣು ವಾಸನೆ ಬರತೈತೆ. ಅಷ್ಟೇ. ಹೆದರಬ್ಯಾಡ್ರಿ" ಅಂದರು. ಬಾಳೆಹಣ್ಣಿನ ವಾಸನೆಯೇ ಬಂತು. ಆ ಪುಣ್ಯಾತ್ಮ ಆ ಒಂದು ಮಾತು ಹೇಳದಿದ್ದರೆ ನಾನು ಮೇಜಿನಿಂದ ಎದ್ದು ಓಡಿಬಿಡುತ್ತಿದ್ದೆ. ಹದಡಿ ಕಡೆಯ ನರ್ಸ್ ಹುಡುಗಿಯೊಬ್ಬಳು ಮುಗಿಯುವ ತನಕ ನನ್ನ ಕೈ ಹಿಡಿದಿದ್ದಳು. ಅವಳ ಕೈ ನನ್ನದಕ್ಕಿಂತ ಒರಟು, ಹೊಲದ ಕೆಲಸ ಮಾಡಿದ ಕೈ.

ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಹುಣ್ಣಿಲ್ಲ, ಗಂಟಿಲ್ಲ, ರಕ್ತ ಹೋಗುತ್ತಿಲ್ಲ. ಮಂಜ ಆ ಕಾಗದ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ನಿಂತ. ಬೆನ್ನು ಅಲುಗುತ್ತಿತ್ತು. ನಾನು, "ಹಸಿವಾಗೇತೆ, ಇಡ್ಲಿ ತಗೊಂಬಾ" ಅಂದೆ.

ಗಂಟಲು ಸರಿಹೋಗಲು ಒಂದು ತಾಸು ಬಿಟ್ಟು ಇಡ್ಲಿ ತಿಂದೆ. ಆಮೇಲೆ ಚೀಲದಿಂದ ಫ್ಲಾಸ್ಕು ತೆಗೆದು, ಮುಚ್ಚಳಕ್ಕೆ ಗ್ರೀನ್ ಟೀ ಬಗ್ಗಿಸಿ, ಕೆಂಪು ಮಾತ್ರೆ ಬಾಯಿಗೆ ಹಾಕಿಕೊಂಡೆ. ಎದುರಿಗೆ ಫೈಲು ಹಿಡಿದು ಹೊರಟಿದ್ದ ಹದಡಿ ಹುಡುಗಿ ಗಕ್ಕನೆ ನಿಂತಳು.

"ಅಜ್ಜಿ, ಏನದು ಕುಡಿಯಾದು?"

"ಗ್ರೀನ್ ಟೀ. ನಿನಗೂ ಬೇಕೇನು? ಭಾಳ ಕಹಿ ಐತೆ."

"ಮಾತ್ರೆ ದಿನಾ ಇದರಾಗೇ ನುಂಗ್ತೀರೇನ್ರಿ?"

"ಮತ್ತಿನ್ಯಾತರಾಗೆ ನುಂಗ್ಬೇಕು?"

ಅವಳು ನನ್ನ ಫ್ಲಾಸ್ಕು ಕಸಿದುಕೊಂಡು ಸೀದಾ ಡಾಕ್ಟರ ಕೋಣೆಗೆ ಹೋದಳು. ಹಿಂದೆ ನಾನು, ನನ್ನ ಹಿಂದೆ ಮಂಜ, ಶೋಭಾ. ಡಾಕ್ಟರಮ್ಮ ಮುಚ್ಚಳ ತೆಗೆದು ಮೂಸಿ ನೋಡಿದರು. ಎಷ್ಟು ಪೊಟ್ಟಣ ಅಂದರು. ಎಂಟು ಅಂದೆ. ಎಷ್ಟು ಹೊತ್ತು ಕುದಿಸುತ್ತೀರಿ ಅಂದರು. ಮೂರು ಉಕ್ಕು ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಮ್ಮಾರೆ, ಈ ಮಾತ್ರೇಲಿ ಇರೋದು ಕಬ್ಬಿಣ. ಟೀ ಅದನ್ನ ಮೈಗೆ ಹತ್ತಾಕೆ ಬಿಡಲ್ಲ. ಊಟದಾಗಿನ ಕಬ್ಬಿಣಾನೂ ಬಿಡಲ್ಲ. ಬಾಗಿಲಿಗೆ ಚಿಲಕ ಹಾಕ್ಕಂಡು ನೆಂಟರನ್ನ ಒಳಗೆ ಬರ್ರಿ ಅಂತ ಕರದಂಗೆ ಮಾಡೀರಿ."

ಆಮೇಲೆ ಇನ್ನೊಂದು ಕೇಳಿದರು. "ಅಕ್ಕಿ, ಮಣ್ಣು, ಸುಣ್ಣ, ಇಂಥಾದ್ದು ತಿನ್ಬೇಕು ಅನಿಸ್ತೈತೇನು? ಕಬ್ಬಿಣ ಕಮ್ಮಿ ಆದ್ರೆ ಅನಿಸ್ತೈತೆ, ಅದಕ್ಕೆ ಕೇಳಿದೆ."

ನಾನು ನೆಲ ನೋಡಿದೆ. "ಅಕ್ಕಿ. ಮತ್ತೆ ವಿಭೂತಿ."

ಹಿಂದಿನಿಂದ ಶೋಭಾಳ ದನಿ ಬಂತು.

"ಅತ್ತಿ! ಹಂಗಾರೆ ಇಲಿ ನೀವಾ?"

ಮೊದಲು ನಕ್ಕಿದ್ದು ಡಾಕ್ಟರಮ್ಮ. ಆಮೇಲೆ ನರ್ಸು. ಆಮೇಲೆ ಮಂಜ ಎಷ್ಟು ನಕ್ಕನೆಂದರೆ ಹೊರಗಿನ ಬೆಸೆದ ಕುರ್ಚಿಯವರೆಲ್ಲ ಬಾಗಿಲಲ್ಲಿ ಇಣುಕಿದರು. ಎಂಟು ದಿನದಿಂದ ಕಟ್ಟಿಟ್ಟಿದ್ದು ಒಂದೇ ಸಲಕ್ಕೆ ಬಂತು. ನಾನು ನಗಲಿಲ್ಲ. ಮನೆಗೆ ಹೋಗಿ ಒಬ್ಬಳೇ ನಕ್ಕೆ.

ಮನೆಯಲ್ಲಿ ಸಿಂಚನ ಅಳುತ್ತಾ ಕೂತಿದ್ದಳು. ಎಲ್ಲ ತನ್ನಿಂದಲೇ ಆಯಿತು ಅಂತ. "ನೀನು ಎರಡು ನಿಮಿಷ ಅದ್ದು ಅಂದಿದ್ದೆ, ನಾನು ಮೂರು ಉಕ್ಕು ಕುದಿಸಿದೆ. ನಿಂದೇನೈತೆ ಇದರಾಗೆ? ಮೂಗು ಒರಸಿಕೊಂಡು ಓದ್ಕೋ ಹೋಗು," ಅಂದೆ. ಗಿರಿಜೆಗೆ ಫೋನು ಮಾಡಿ ಎಲ್ಲ ಹೇಳಿದೆ. "ನೀನೂ ಕುಡಿಯೋದು ಬಿಡೇ" ಅಂದೆ.

"ಅಕ್ಕ, ಬೈಬ್ಯಾಡ. ನಾನು ಎರಡನೇ ದಿನಕ್ಕೇ ಬಿಟ್ಟಿದ್ದೆ. ಅದು ಮನುಷ್ಯರು ಕುಡಿಯೋದಲ್ಲ."

"ಮತ್ತೆ ಅಷ್ಟು ಚುರುಕಾಗಿದ್ದೆಯಲ್ಲೇ!"

"ಹೊಟ್ಟೆ ತುಂಬ ಉಣ್ತಿದ್ದೆನಲ್ಲ, ಅದಕ್ಕೆ."

ಒಂದು ವಾರ ಅವಳ ಫೋನು ಎತ್ತಲಿಲ್ಲ.

ಮೂರು ತಿಂಗಳು ಮಾತ್ರೆ ನಿಂಬೆಹಣ್ಣಿನ ನೀರಿನಲ್ಲಿ ನುಂಗಿದೆ. ಶೋಭಾ ಎದುರಿಗೆ ನಿಂತು ನುಂಗಿಸುತ್ತಿದ್ದಳು, ನಮ್ಮವ್ವನ ಹಾಗೆ. ಮೆಂತ್ಯ ಸೊಪ್ಪು, ರಾಜಗಿರಿ ಸೊಪ್ಪು, ಹುರುಳಿ ಕಟ್ಟಿನ ಸಾರು ತಿಂದೂ ತಿಂದೂ ಸಾಕಾಯಿತು. ಒಂದು ದಿನ ವಿಭೂತಿ ಹಚ್ಚಿಕೊಳ್ಳುವಾಗ ಬಾಯಲ್ಲಿ ನೀರು ಬರಲಿಲ್ಲ. ಗುಣವಾಗುತ್ತಿದೆ ಅಂತ ನನಗೆ ಗೊತ್ತಾಗಿದ್ದು ಹಾಗೆ. ಕಾರ್ತಿಕದ ಒಂದು ಭಾನುವಾರ ಕ್ಲಿನಿಕ್ಕಿನಲ್ಲಿ ರಕ್ತ ನೋಡಿದರು. ಹನ್ನೊಂದೂವರೆ.

ನಾನು ತೂಕ ಕೇಳಲಿಲ್ಲ. "ಡಾಕ್ಟ್ರೇ, ಬಸ್ಸು?" ಅಂದೆ.

ಅವರು ಮಂಜನ ಮುಖ ನೋಡಿದರು. ಅವನು, "ಸೋಮವಾರ ಉಪವಾಸ ಬ್ಯಾರೆ ಮಾಡ್ತಾಳ್ರೀ. ಅದೂ ಕಾರ್ತಿಕ" ಅಂದ.

"ಹಂಗಾದ್ರೆ ಎರಡರಾಗೆ ಒಂದು," ಅಂದರು ಡಾಕ್ಟರಮ್ಮ. "ಬೆಳಿಗ್ಗೆ ಹೊಟ್ಟೆ ತುಂಬ ಉಂಡ್ರೆ ಒಬ್ಬರೇ ಹೋಗ್ರಿ. ಉಪವಾಸ ಬೇಕು ಅಂದ್ರೆ ಮನೇಲೇ ಕೂಡ್ರಿ."

ಮಂಜ ನಿಟ್ಟುಸಿರು ಬಿಟ್ಟ. ನಲವತ್ತು ವರ್ಷದ ಒಪ್ಪತ್ತನ್ನು ಅವ್ವ ಬಿಡುವುದಿಲ್ಲ, ಬಸ್ಸಿನ ಮಾತು ಇಲ್ಲಿಗೆ ತೀರಿತು ಅಂತ ಅವನ ಎಣಿಕೆ. ನಾನು ಸಂಜೆ ದೇವರ ಮುಂದೆ ಸ್ವಲ್ಪ ಹೊತ್ತು ಕೂತೆ. ಹೇಳಬೇಕಾದ್ದನ್ನು ಶಿವನಿಗೇ ಹೇಳಿದೆ. ಅವನೇನೂ ಬೇಡ ಅನ್ನಲಿಲ್ಲ.

ಮರುದಿನ ಬೆಳಗ್ಗೆ ಎದ್ದು, ಸ್ನಾನ ಮಾಡಿ, ವಿಭೂತಿಯನ್ನು ಹಣೆಗೆ ಮಾತ್ರ ಹಚ್ಚಿ, ಒಲೆ ಹತ್ತಿಸಿದೆ. ಕೂರದೆ ಎಂಟು ರೊಟ್ಟಿ ಬಡಿದೆ. ಎರಡನ್ನು ತಟ್ಟೆಗೆ ಹಾಕಿಕೊಂಡು, ಎಣ್ಣೆಗಾಯಿ, ಮೊಸರು ಬಡಿಸಿಕೊಂಡು ಉಣ್ಣಲು ಕೂತೆ. ಶೋಭಾ ಬಾಗಿಲಲ್ಲಿ ನಿಂತಳು.

"ಅತ್ತಿ, ಇವತ್ತು ಸೋಮವಾರ."

"ಗೊತ್ತೈತೆ. ಇನ್ನೊಂಚೂರು ಎಣ್ಣೆಗಾಯಿ ಹಾಕು."

ಉಂಡು ಕೈ ತೊಳೆದು, ಯಜಮಾನರ ಫ್ಲಾಸ್ಕಿಗೆ ಮಜ್ಜಿಗೆ ತುಂಬಿ, ಆಧಾರ್ ಕಾರ್ಡು ಸೊಂಟಕ್ಕೆ ಸಿಕ್ಕಿಸಿ ಹೊರಟೆ. ಮಂಜ ಏನೋ ಅನ್ನಲು ಬಾಯಿ ತೆರೆದವನು ಖಾಲಿ ತಟ್ಟೆ ನೋಡಿ ಮುಚ್ಚಿದ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಹರಿಹರದಲ್ಲಿ ಇಳಿದು, ದೇವರಿಗೆ ಕೈಮುಗಿದು, ಹೂವಿನವಳಿಗೆ ನಾಲ್ಕು ರೊಟ್ಟಿ ಕೊಟ್ಟು, ಹನ್ನೊಂದು ಮೆಟ್ಟಿಲನ್ನೂ ನಿಲ್ಲದೆ ಹತ್ತಿದೆ. ಸೆರಗು ಸರಿಮಾಡಿಕೊಳ್ಳಲಿಲ್ಲ. ಗಿರಿಜೆ ಬಾಗಿಲು ತೆರೆದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಕ್ಕ, ದಪ್ಪ ಆಗೀದಿಯಲ್ಲೇ!"

"ಕವಡೆ ತೆಗಿ," ಅಂದೆ.